ಎಣ್ಮಕಜೆಯಿಂದ ಬೆನಿನ್‌ಗೆ: ಕೀಟನಾಶಕ ನೀತಿಯಲ್ಲಿ ಕೆಲಸ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಪೆರ್ಲದ ಹುಡುಗಿ

ಎಲ್ಲರಿಗೂ ನಮಸ್ಕಾರ. ನನ್ನದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಅರ್ಥಶಾಸ್ತ್ರದಲ್ಲಿ ಎಂ.ಎ. ಈಗ ಬೆಂಗಳೂರಿನಲ್ಲಿ ಕೃಷಿ ಯೋಜನೆಗಳ ಅಂಕಿಅಂಶ ನೋಡುವ ಕೆಲಸ. ನನ್ನ ಮನಸ್ಸಿರುವುದು ಪಶ್ಚಿಮ ಆಫ್ರಿಕಾದ ಕೃಷಿ ನೀತಿಯ ಮೇಲೆ, ಅದರಲ್ಲೂ ಬೆನಿನ್ ದೇಶದ ಹತ್ತಿಯ ಮೇಲೆ. ಮನೆಯಲ್ಲಿ ಹೇಳಿದರೆ "ಅಷ್ಟು ದೂರ ಯಾಕೆ, ಪಿ.ಎಸ್.ಸಿ. ಬರೆ" ಅನ್ನುತ್ತಾರೆ.

ಯಾಕೆಂದು ಹೇಳುತ್ತೇನೆ. ನಮ್ಮ ಗೇರು ಗುಡ್ಡೆಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಮದ್ದು ಬಿಟ್ಟದ್ದು ಇಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿ ಅದು ನಿಲ್ಲುವ ಹೊತ್ತಿಗೆ ಬೆನಿನ್‌ನಲ್ಲಿ ಅದೇ ಮದ್ದು ಶುರುವಾಗಿತ್ತು. ಅಲ್ಲಿ ಹತ್ತಿಕಾಯಿಯ ಹುಳ ಹಳೆಯ ಔಷಧಿಗೆ ಜಗ್ಗುತ್ತಿರಲಿಲ್ಲ, ಹಾಗಾಗಿ 1999ರಲ್ಲಿ ರೈತರಿಗೆ ಎಂಡೋಸಲ್ಫಾನ್ ಕೊಟ್ಟರು. ಆ ಒಂದೇ ಹಂಗಾಮಿನಲ್ಲಿ ಉತ್ತರದ ಬೋರ್ಗೂ ಪ್ರಾಂತ್ಯದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರೆಂದು ಸರ್ಕಾರಿ ಲೆಕ್ಕವೇ ಹೇಳುತ್ತದೆ. ಹತ್ತಿಗೆಂದು ಬಂದದ್ದು ಮೆಕ್ಕೆಜೋಳಕ್ಕೂ, ಕಣಜದ ಧಾನ್ಯಕ್ಕೂ ಹೋಗುತ್ತಿತ್ತು. ಡಬ್ಬಿ ಕೊಟ್ಟವರು ಅದನ್ನು ಹೇಗೆ ಬಳಸಬೇಕೆಂದು ಹೇಳಿಕೊಟ್ಟರೇ, ವಿಷವೇರಿದವರನ್ನು ಎಷ್ಟು ದೂರ ಹೊತ್ತುಕೊಂಡು ಹೋಗಬೇಕಿತ್ತು? ನನಗೆ ಕಾಡುವುದು ಇಂಥ ಪ್ರಶ್ನೆಗಳು. ಇದನ್ನು ಓದಿಕೊಂಡು ಸುಮ್ಮನಿರಲು ನನ್ನಿಂದಾಗುವುದಿಲ್ಲ, ಇದೇ ನನ್ನ ಕೆಲಸವಾಗಬೇಕು. ಯಾವ ಕೋರ್ಸ್, ಯಾವ ಭಾಷೆ, ಯಾವ ದಾರಿ?

ಮಂಜೇಶ್ವರದವ, ಈಗ ದಾರ್ ಎಸ್ ಸಲಾಮ್

ತಂಗೀ, ಮೊದಲು ಫ್ರೆಂಚ್. ಬೆನಿನ್‌ನ ಆಡಳಿತ ನಡೆಯುವುದೇ ಅದರಲ್ಲಿ, ಇಂಗ್ಲಿಷ್ ಒಂದನ್ನೇ ನಂಬಿಕೊಂಡು ಹೋದರೆ ಸಚಿವಾಲಯದ ಕಡತ ಓದಲಿಕ್ಕೂ ಬೇರೆಯವರನ್ನು ಕೇಳಬೇಕು. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಸೇರಿ, ಬಿ2 ಮಟ್ಟದವರೆಗೆ, ಅಂದರೆ ಯಾರ ನೆರವಿಲ್ಲದೆ ಓದಿ ಮಾತಾಡುವಷ್ಟು ಬರುವವರೆಗೆ, ಬಿಡಬೇಡಿ.

ಓದಿಗೆ ಲಂಡನ್, ಅಮೆರಿಕ ಎಂದು ಹುಡುಕುವ ಮುಂಚೆ ಆಫ್ರಿಕಾದ ವಿಶ್ವವಿದ್ಯಾಲಯಗಳನ್ನೇ ನೋಡಿ. ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಕೀಟನಾಶಕಗಳ ಅಪಾಯ ನಿರ್ವಹಣೆಗೆಂದೇ ಸ್ನಾತಕೋತ್ತರ ಡಿಪ್ಲೊಮಾ ಇದೆ, ಬಹುಪಾಲು ಆನ್‌ಲೈನ್. ಕೆಲಸ ಬಿಡದೆ ಮಾಡಬಹುದು. ಸೆನೆಗಲ್‌ನ ಡಕಾರ್‌ನಲ್ಲಿರುವ ಕೊಡೆಸ್ರಿಯಾ ಎಂಬ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆ 1973ರಿಂದ ಆಫ್ರಿಕಾದ ವಿದ್ವಾಂಸರ ಬರಹಗಳನ್ನು ಹೊರತರುತ್ತಿದೆ. ಮಲಾವಿ ಮೂಲದ ಅರ್ಥಶಾಸ್ತ್ರಜ್ಞ ಥಾಂಡಿಕಾ ಮ್ಕಾಂಡವೀರೆ ಅವರನ್ನು ಓದದೆ ಮುಂದೆ ಹೋಗಬೇಡಿ. ಅಲ್ಲಿನ ಸರ್ಕಾರಗಳ ಕೈಯಲ್ಲಿ ಏನೂ ಆಗುವುದಿಲ್ಲ ಎಂಬ ಮಾತನ್ನು ಅವರು ಪುರಾವೆ ಇಟ್ಟು ಎದುರಿಸಿದವರು.

ಒಂದು ಉದಾಹರಣೆ ನಾನೇ ಕೊಡುತ್ತೇನೆ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್ ಭಾಗದ ಹಲವು ದೇಶಗಳು ಸೇರಿ ಕೀಟನಾಶಕಗಳ ನೋಂದಣಿಗೆ ಒಂದೇ ಸಮಿತಿ ಮಾಡಿಕೊಂಡವು, ಅದರ ಕಚೇರಿ ಮಾಲಿಯ ಬಮಾಕೊದಲ್ಲಿತ್ತು. ಪ್ರತಿ ದೇಶಕ್ಕೂ ಬೇರೆ ಬೇರೆ ಪ್ರಯೋಗಾಲಯ, ತಜ್ಞರು ಎಲ್ಲಿಂದ ಬರಬೇಕು? ಬಡ ದೇಶಗಳು ತಾವೇ ಕಂಡುಕೊಂಡ ಈ ಉಪಾಯವನ್ನು ನಮ್ಮವರೂ ಕೂತು ಅಭ್ಯಾಸ ಮಾಡಬೇಕು.

ನಿವೃತ್ತ ಮಾಷ್ಟ್ರು, ಬದಿಯಡ್ಕ

ಮಗಳೇ, ನಿನ್ನ ಉತ್ಸಾಹ ದೊಡ್ಡದು. ಆದರೆ ನನಗೊಂದು ತಕರಾರಿದೆ. ಇಲ್ಲಿನ ಬಡ್ಸ್ ಶಾಲೆಗಳಲ್ಲಿ, ಅಂದರೆ ಬೌದ್ಧಿಕ ಅಂಗವೈಕಲ್ಯವಿರುವವರ ಶಾಲೆಗಳಲ್ಲಿ, ಮಕ್ಕಳನ್ನು ನೋಡಿಕೊಳ್ಳುವ ಕೈಗಳು ಸಾಲುತ್ತಿಲ್ಲ. ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ ಐದು ಲಕ್ಷ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು, 2022ರಲ್ಲಿ ಅದೇ ಕೋರ್ಟು ಮತ್ತೆ ಗದರಬೇಕಾಯಿತು. ಓದಿದ ಮಕ್ಕಳೆಲ್ಲ ಹೊರಗೆ ಹೋದರೆ ಇಲ್ಲಿ ಅರ್ಜಿ ಬರೆಯುವವರು ಯಾರು?

ಪೆರ್ಲದ ಹುಡುಗಿ

ಮಾಷ್ಟ್ರೇ, ನಿಮ್ಮ ಮಾತು ಸರಿ. ನೆರೆಮನೆಯ ಹುಡುಗ ಬಡ್ಸ್ ಶಾಲೆಗೆ ಹೋಗುವವನು, ಅವನ ಅಮ್ಮನ ಅರ್ಜಿಗಳನ್ನು ನಾನೇ ಬರೆದುಕೊಡುತ್ತೇನೆ, ಅದು ನಿಲ್ಲುವುದಿಲ್ಲ. ಆದರೆ 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ, ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದಡಿ ಎಂಡೋಸಲ್ಫಾನ್ ನಿಷೇಧಕ್ಕೆ ಬಂದಾಗ ಅದನ್ನು ವಿರೋಧಿಸುತ್ತ ಬಂದಿದ್ದು ನಮ್ಮ ದೇಶ. ಕೊನೆಗೆ ವಿನಾಯಿತಿ ಇಟ್ಟುಕೊಂಡು ಒಪ್ಪಿತು. ಆ ಮೇಜಿನಲ್ಲಿ ನಮ್ಮ ಗುಡ್ಡೆಯ ನೋವನ್ನೂ ಬೋರ್ಗೂವಿನ ನೋವನ್ನೂ ಬಲ್ಲವರು ಹೆಚ್ಚು ಇರಬೇಕಿತ್ತು ಅನ್ನಿಸುತ್ತದೆ. ನಾಳೆ ಇನ್ನೊಂದು ಹೆಸರಿನ ವಿಷ ಬರುತ್ತದೆ, ಅದು ಮೊದಲು ಇಳಿಯುವುದು ಕಾನೂನು ಸಡಿಲ ಇರುವಲ್ಲಿ. ಅದಕ್ಕೇ ಅಲ್ಲಿನ ನೀತಿ ನನಗೆ ದೂರದ್ದಾಗಿ ಕಾಣುವುದಿಲ್ಲ.

ಗೇರುಬೀಜ ವ್ಯಾಪಾರಿ, ಕುಂಬಳೆ

ನಮ್ಮ ವ್ಯಾಪಾರದಿಂದಲೂ ಒಂದು ಮಾತು. ಮಂಗಳೂರಿನ ಕಾರ್ಖಾನೆಗಳು ಆಫ್ರಿಕಾದ ಹಸಿ ಬೀಜವನ್ನೇ ನಂಬಿವೆ. ಬೆನಿನ್ 2024ರ ಏಪ್ರಿಲ್‌ನಿಂದ ಹಸಿ ಬೀಜದ ರಫ್ತು ನಿಲ್ಲಿಸಿತು, ಸಿಪ್ಪೆ ಸುಲಿಯುವ ಕೆಲಸ ತಮ್ಮವರಿಗೇ ಸಿಗಲಿ ಎಂದು. ನಮಗೆ ತೊಂದರೆಯಾದರೂ ಅವರ ಲೆಕ್ಕ ನ್ಯಾಯವಾದದ್ದು. ಮೊಜಾಂಬಿಕ್‌ನಲ್ಲಿ 1990ರ ದಶಕದಲ್ಲಿ ವಿಶ್ವಬ್ಯಾಂಕಿನ ಮಾತಿಗೆ ರಫ್ತು ಸುಂಕ ಇಳಿಸಿದ ಮೇಲೆ ಅಲ್ಲಿನ ಬೀಜದ ಕಾರ್ಖಾನೆಗಳು ಮುಚ್ಚಿ ಸಾವಿರಾರು ಜನ ಕೆಲಸ ಕಳಕೊಂಡರು, ಅವರಲ್ಲಿ ಹೆಂಗಸರು ಬಹಳ. ಆ ಬೀಜ ಬಂದದ್ದು ನಮ್ಮ ದೇಶಕ್ಕೆ. ನೀವು ಹತ್ತಿಯ ಜೊತೆ ಗೇರನ್ನೂ ಹಿಡಿಯಿರಿ. ಬೋರ್ಗೂವಿನ ಪರಾಕೂ ಊರಿನಲ್ಲಿ ನನಗೆ ಪರಿಚಯದ ಖರೀದಿದಾರರಿದ್ದಾರೆ, ರೈತರ ಜೊತೆ ಮಾತಾಡಿಸುತ್ತಾರೆ.

ಪೆರ್ಲದ ಹುಡುಗಿ

ಅಣ್ಣಾ, ಆ ಪರಿಚಯ ಖಂಡಿತ ಬೇಕು. ಫ್ರೆಂಚ್ ತರಗತಿಗೆ ಈ ವಾರವೇ ಹೆಸರು ಕೊಡುತ್ತೇನೆ. ಮಂಜೇಶ್ವರದ ಅಣ್ಣಾ, ಕೇಪ್‌ಟೌನ್ ಡಿಪ್ಲೊಮಾಕ್ಕೆ ವಿಜ್ಞಾನದ ಪದವಿ ಕಡ್ಡಾಯವೇ, ಅರ್ಥಶಾಸ್ತ್ರದವರನ್ನೂ ತೆಗೆದುಕೊಳ್ಳುತ್ತಾರೆಯೇ?