ಗ್ಮಿನಾ ವ್ಯೆಲಿಚ್ಕ: ಊರೂ ಹೌದು, ಹಳ್ಳಿಯೂ ಹೌದು

ಅತ್ತಿಗೆ, ಸ್ವಲ್ಪ ಉದ್ದ ಆಗುತ್ತೆ, ಅಡುಗೆ ಮಾಡ್ತಾ ಕೇಳಿಸ್ಕೊಳ್ಳಿ. ಚೇತೂಗೆ ಕೆಲಸ ಕ್ರಾಕೋವ್‌ನಲ್ಲಿ, ಬಾಡಿಗೆ ಕರಾರಿನಲ್ಲಿ ಮಾತ್ರ "ಶ್ಲೆಜೆಯೊವಿತ್ಸೆ, ಗ್ಮಿನಾ ವ್ಯೆಲಿಚ್ಕ" ಅಂತಿದೆ, ಇದು ಸಿಟಿನಾ ಹಳ್ಳಿನಾ ಅಂತ ಕೇಳಿದ್ರಲ್ಲ, ಅದಕ್ಕೆ ಹೇಳ್ತಿದೀನಿ.

ಪೋಲೆಂಡ್‌ನಲ್ಲಿ ಗ್ಮಿನಾ ಅಂದ್ರೆ ತಳಮಟ್ಟದ ಸ್ಥಳೀಯ ಆಡಳಿತ. ಮೂರು ಥರ ಇದೆ: ಬರೀ ಪಟ್ಟಣದ್ದು, ಬರೀ ಹಳ್ಳಿಗಳದ್ದು, ಎರಡೂ ಸೇರಿದ್ದು. ವ್ಯೆಲಿಚ್ಕ ಮೂರನೇ ಥರ. ನಡುವೆ ವ್ಯೆಲಿಚ್ಕ ಪಟ್ಟಣ, ಸುತ್ತ ಮೂವತ್ತರ ಹತ್ತಿರ ಹಳ್ಳಿ, ಎಲ್ಲಕ್ಕೂ ಒಂದೇ ಕೌನ್ಸಿಲ್, ಒಬ್ಬರೇ ಬುರ್ಮಿಸ್ತ್ಶ್, ಅಂದ್ರೆ ಮೇಯರ್. ಹಳ್ಳಿಗೆ ಒಬ್ಬ ಸೊಲ್ತಿಸ್ ಇರ್ತಾರೆ, ಊರಿನವರೇ ಆರಿಸಿದ ಮುಖ್ಯಸ್ಥ. ಶ್ಲೆಜೆಯೊವಿತ್ಸೆ ಲೆಕ್ಕದಲ್ಲಿ ಹಳ್ಳಿ, ಆದ್ರೆ ಪಟ್ಟಣಕ್ಕೆ ಅಂಟಿಕೊಂಡಂಗೇ ಇದೆ. ಹಳ್ಳಿ ಅಂದ ತಕ್ಷಣ ಕರೆಂಟು ಬರುತ್ತಾ ಅಂತ ಅಣ್ಣ ಕೇಳೋದು ಬೇಡ.

ಯಾವ ಕೆಲಸಕ್ಕೆ ಎಲ್ಲಿಗೆ ಹೋಗಬೇಕು ಅನ್ನೋದನ್ನ ಚೇತೂಗೆ ಬರೆದಿಟ್ಟುಕೊಳ್ಳೋಕೆ ಹೇಳಿ. ವಾಸದ ವಿಳಾಸ ನೋಂದಣಿ, ಕಸದ ಶುಲ್ಕ, ಪ್ರಾಥಮಿಕ ಶಾಲೆ, ಇವೆಲ್ಲ ಗ್ಮಿನಾ ಕಚೇರಿ. ಕಾರ್ ನೋಂದಣಿ, ಪ್ರೌಢಶಾಲೆ, ಇವು ಪೊವ್ಯಾತ್, ನಮ್ಮ ಜಿಲ್ಲೆ ಥರ. ಅದರ ಕಚೇರಿಯೂ ವ್ಯೆಲಿಚ್ಕದಲ್ಲೇ. ರೆಸಿಡೆನ್ಸ್ ಪರ್ಮಿಟ್ ಮಾತ್ರ ಪ್ರಾಂತ್ಯದ ಕಚೇರಿ, ಅದು ಕ್ರಾಕೋವ್. ತಪ್ಪು ಬಾಗಿಲಲ್ಲಿ ಕ್ಯೂ ನಿಂತರೆ ಅರ್ಧ ದಿನ ಹೋಯ್ತು.

ವಿಳಾಸದಲ್ಲಿ ಇನ್ನೊಂದು ಎಡವಟ್ಟು. ಸುತ್ತಲಿನ ಎಷ್ಟೋ ಹಳ್ಳಿಗೆ ಪಿನ್ ಕೋಡ್ 32-020, ಅಂಚೆ ವ್ಯೆಲಿಚ್ಕದ್ದೇ. ಹಳ್ಳಿ ಹೆಸರು ಬಿಟ್ಟು ಬರೀ ವ್ಯೆಲಿಚ್ಕ ಅಂತ ಹಾಕಿದ್ರೆ ಪಾರ್ಸೆಲ್ ಪಟ್ಟಣದಲ್ಲೇ ಸುತ್ತುತ್ತೆ. ಪೋಲೆಂಡ್‌ನ ಎಷ್ಟೋ ಹಳ್ಳೀಲಿ ರಸ್ತೆಗೆ ಹೆಸರಿಲ್ಲ, ಊರ ಹೆಸರು, ಮನೆ ನಂಬರು ಅಷ್ಟೇ. ಆ ನಂಬರೂ ಮನೆ ಕಟ್ಟಿದ ಕ್ರಮದಲ್ಲಿ ಬಿದ್ದಿರಬಹುದು, 40ರ ಪಕ್ಕ 212 ಇದ್ದರೆ ಗಾಬರಿ ಬೇಡ.

ಇನ್ನು ನೆಲ ಹೇಗಿದೆ ಅಂತ. ಉತ್ತರಕ್ಕೆ ವಿಸ್ತುಲಾ ನದಿ, ಅದರ ಬಯಲು. ಬ್ಜೆಗಿ, ಗ್ರಾಬ್ಯೆ ಅಲ್ಲಿನ ಹಳ್ಳಿಗಳು. ಬ್ಜೆಗಿ ಅಂದ್ರೇನೇ ದಡಗಳು ಅಂತ. 2016ರಲ್ಲಿ ಪೋಪ್ ಫ್ರಾನ್ಸಿಸ್ ಬಂದಾಗ ವಿಶ್ವ ಯುವ ದಿನದ ದೊಡ್ಡ ಪ್ರಾರ್ಥನೆ ನಡೆದದ್ದು ಅಲ್ಲೇ. ದಕ್ಷಿಣಕ್ಕೆ ಹೋದರೆ ಕಾರ್ಪೇಥಿಯನ್ ತಪ್ಪಲಿನ ಗುಡ್ಡಗಳು, ಹೊರೋಂಗ್ವಿತ್ಸಾದಲ್ಲಿ ಟೀವಿ ಗೋಪುರ ಕಾಣುತ್ತೆ. ಗುಡ್ಡದ ಮಳೆನೀರು ಒಮ್ಮೆಲೇ ಬಯಲಿಗೆ ಇಳಿಯೋದರಿಂದ ಸಣ್ಣ ಹೊಳೆಗಳೇ ಇಲ್ಲಿ ತಾಪತ್ರಯ. ಸೆರಾಫಾ ಅನ್ನೋ ತೊರೆ 2010ರಲ್ಲಿ ಪಕ್ಕದ ಬ್ಯೆಜಾನೂವ್ ಬಡಾವಣೆಗೇ ನುಗ್ಗಿತ್ತು. ಆದ್ದರಿಂದ ನೆಲಮಹಡಿ ಮನೆ ಆದ್ರೆ ಸಹಿಗೆ ಮುಂಚೆ ಪ್ರವಾಹದ ನಕ್ಷೆ ನೋಡಲಿ, ನೆಲಮಾಳಿಗೆ ಗೋಡೆ ಮೇಲೆ ನೀರಿನ ಗುರುತಿದೆಯಾ ಅಂತ ಟಾರ್ಚ್ ಹಾಕಿ ನೋಡಲಿ.

ಗುಡ್ಡಕ್ಕೂ ಬಯಲಿಗೂ ನಡುವೆ ಇರೋದು ಉಪ್ಪು. ಸುಮಾರು ಒಂದೂಕಾಲು ಕೋಟಿ ವರ್ಷಕ್ಕೂ ಹಿಂದೆ ಸಮುದ್ರ ಬತ್ತಿ ಉಳಿದದ್ದು. ಆಮೇಲೆ ಕಾರ್ಪೇಥಿಯನ್ ಬೆಟ್ಟ ಉತ್ತರಕ್ಕೆ ಒತ್ತಿಕೊಂಡು ಬಂದು ಆ ಪದರಗಳನ್ನ ಮಡಚಿ ಮುರಿದು ಹಾಕಿತು. ಹಾಗಾಗಿ ಕೆಳಗೆ ಪದರ ಪದರ, ಮೇಲೆ ಜೇಡಿಯೊಳಗೆ ಹುದುಗಿದ ದೊಡ್ಡ ದೊಡ್ಡ ಗಡ್ಡೆ. ಬೆಳ್ಳಗಿರುತ್ತೆ ಅಂದ್ಕೋಬೇಡಿ, ಬೂದು ಬಣ್ಣ, ಸ್ವಲ್ಪ ಹಸಿರು ಛಾಯೆ. ನಮ್ಮ ಸೈಂಧವ ಲವಣದ ಜಾತಿ, ಬಣ್ಣ ಬೇರೆ.

ಶಿಲಾಯುಗದಿಂದಲೂ ಇಲ್ಲಿ ಉಪ್ಪುನೀರಿನ ಬುಗ್ಗೆಯ ನೀರು ಕುದಿಸಿ ಉಪ್ಪು ತೆಗೀತಿದ್ರು. ಬುಗ್ಗೆ ಬತ್ತುತ್ತಾ ಬಂದ ಹಾಗೆ ಬಾವಿ ತೋಡ್ತಾ ಹೋದ್ರು, 13ನೇ ಶತಮಾನದಲ್ಲಿ ಗಟ್ಟಿ ಉಪ್ಪೇ ಸಿಕ್ತು. ಹೆಸರೂ ಅಲ್ಲಿಂದಲೇ: ಲ್ಯಾಟಿನ್‌ನಲ್ಲಿ ಮಾಗ್ನುಮ್ ಸಾಲ್, ದೊಡ್ಡ ಉಪ್ಪು. 1290ರಲ್ಲಿ ಎರಡನೇ ಪ್ಶೆಮಿಸ್ವಾವ್ ಅನ್ನೋ ದೊರೆ ಪಟ್ಟಣದ ಹಕ್ಕು ಕೊಟ್ಟ. ಕಾಜಿಮಿರ್ ಮಹಾರಾಜ 1364ರಲ್ಲಿ ಕ್ರಾಕೋವ್ ವಿಶ್ವವಿದ್ಯಾಲಯ ಕಟ್ಟಿದಾಗ ಮೇಷ್ಟ್ರುಗಳ ಸಂಬಳಕ್ಕೆ ತೋರಿಸಿದ್ದು ಈ ಉಪ್ಪಿನ ಆದಾಯವನ್ನ, 1368ರಲ್ಲಿ ಗಣಿಗೆ ಕಾನೂನನ್ನೂ ಬರೆಸಿದ. 1772ರಲ್ಲಿ ಆಸ್ಟ್ರಿಯಾ ಕಿತ್ತುಕೊಂಡಿತು. 1942ರ ಆಗಸ್ಟ್‌ನಲ್ಲಿ ನಾಜಿಗಳು ಇಲ್ಲಿನ ಯಹೂದಿಗಳನ್ನ ರೈಲಿಗೆ ತುಂಬಿ ಬೆವ್‌ಜೆತ್ಸ್ ಸಾವಿನ ಶಿಬಿರಕ್ಕೆ ಕಳಿಸಿದ್ರು. ಪೇಟೆ ಬೀದೀಲಿ ನಡೆಯುವಾಗ ಇದೂ ತಿಳಿದಿರಬೇಕು.

ಗಣಿಯ ಶತ್ರು ನೀರು. ಉಪ್ಪಿನಿಂದ ತುಂಬಿದ ನೀರು ಇನ್ನಷ್ಟು ಉಪ್ಪು ಕರಗಿಸಲ್ಲ, ಸಿಹಿನೀರು ಕರಗಿಸುತ್ತೆ. 1992ರ ಏಪ್ರಿಲ್‌ನಲ್ಲಿ ನಾಲ್ಕನೇ ಹಂತದ ಮಿನಾ ಅನ್ನೋ ಸುರಂಗಕ್ಕೆ ನೀರು ನುಗ್ಗಿ ಮಣ್ಣನ್ನೂ ಕೊಚ್ಚಿಕೊಂಡು ಬಂತು, ಮೇಲೆ ನೆಲ ಕುಸಿದು ರೈಲು ಹಳಿ, ಹತ್ತಿರದ ಮಠದ ಕಟ್ಟಡ ಎರಡಕ್ಕೂ ಪೆಟ್ಟು. 1996ರಲ್ಲಿ ಉಪ್ಪು ಅಗೆಯೋದನ್ನೇ ನಿಲ್ಲಿಸಿದ್ರು. ಒಳಗೆ ಸೇರೋ ಉಪ್ಪುನೀರನ್ನ ಮಾತ್ರ ಮೇಲೆತ್ತಿ ಬತ್ತಿಸ್ತಾರೆ, ಎತ್ತದಿದ್ದರೆ ಗಣಿ ಮುಳುಗುತ್ತೆ. ತೇವದಿಂದ ಕೆತ್ತನೆ ಕರಗುತ್ತೆ ಅಂತಲೇ 1989ರಿಂದ 1998ರವರೆಗೆ ಯುನೆಸ್ಕೋ ಅಪಾಯದ ಪಟ್ಟಿಯಲ್ಲಿತ್ತು. ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 1978ರಲ್ಲಿ, ಮೊದಲ ಹನ್ನೆರಡರಲ್ಲಿ ಒಂದು.

ನೀವು ಹೋದಾಗ ನೋಡಲೇಬೇಕು, ಆದ್ರೆ ಅತ್ತಿಗೆ, ನಿಮ್ಮ ಮಂಡಿ. ಶುರುವಿನಲ್ಲೇ ಸುಮಾರು 380 ಮೆಟ್ಟಿಲು ಇಳಿದು 64 ಮೀಟರ್ ಕೆಳಗೆ, ಒಟ್ಟು ಮೆಟ್ಟಿಲು ಎಂಟುನೂರು. 101 ಮೀಟರ್ ಆಳದಲ್ಲಿ ಸಂತ ಕಿಂಗಾಳ ಪ್ರಾರ್ಥನಾ ಮಂದಿರ, ನೆಲದಿಂದ ತೂಗುದೀಪದ ಹರಳಿನವರೆಗೂ ಉಪ್ಪೇ. ಮೇಲೆ ಬರೋಕೆ ಲಿಫ್ಟ್ ಇದೆ. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತೆ, ಸ್ವೆಟರ್ ಇರಲಿ.

ಓಡಾಟಕ್ಕೆ: ವಿಮಾನ ನಿಲ್ದಾಣದಿಂದ ಕ್ರಾಕೋವ್ ಮುಖ್ಯ ನಿಲ್ದಾಣದ ಮೇಲೆ ವ್ಯೆಲಿಚ್ಕ ರಿನೆಕ್-ಕೊಪಾಲ್ನ್ಯಾವರೆಗೆ ನೇರ ರೈಲಿದೆ. ದಕ್ಷಿಣದ ಗುಡ್ಡದ ಹಳ್ಳಿಗಳಿಗೆ ರೈಲಿಲ್ಲ. ಮನೆಯಿಂದ ಸ್ಟೇಷನ್‌ಗೆ ಎಷ್ಟು ದೂರ, ರಾತ್ರಿ ಕೊನೇ ಬಸ್ ಎಷ್ಟೊತ್ತಿಗೆ, ಇವೆರಡನ್ನೂ ಮನೆ ಓನರ್ ಹತ್ರ ಕೇಳಿಕೊಂಡು ಚೇತು ಇವತ್ತೇ ಇಲ್ಲಿ ಹಾಕಲಿ, ನೋಡಿ ಹೇಳ್ತೀನಿ.