ಅರಣ್ಯ ಪ್ರಯಾಣದ ಅಧ್ಯಯನ: ಪಾಠಗಳನ್ನು ಎಲ್ಲಿಂದ ತೆಗೆಯಬೇಕು?

ಪ್ರಶ್ನೆ:
ಕರ್ತನ ನಾಮದಲ್ಲಿ ವಂದನೆಗಳು. ಇಸ್ರಾಯೇಲ್ಯರ ಅರಣ್ಯ ಪ್ರಯಾಣದ ಬಗ್ಗೆ ನಾಲ್ಕು ವಾರದ ಬೈಬಲ್ ಅಧ್ಯಯನ ನಡೆಸಬೇಕಿದೆ. ಅರಣ್ಯಕಾಂಡ 33ರಲ್ಲಿ ಅವರು ತಂಗಿದ ಸ್ಥಳಗಳ ಉದ್ದನೆಯ ಪಟ್ಟಿ ಇದೆ. ಒಂದೊಂದು ಸ್ಥಳಕ್ಕೂ ಒಂದೊಂದು ಪಾಠ ಹೇಳಬಹುದೇ? "11 ದಿನದ ದಾರಿಗೆ 40 ವರ್ಷ ಹಿಡಿಯಿತು" ಎಂಬ ಮಾತಿನಿಂದ ಶುರು ಮಾಡಿದರೆ ಹೇಗೆ?

ಉತ್ತರ 1:
ವಂದನೆ ಬ್ರದರ್. ಪ್ರತಿ ಹೆಸರಿಗೂ ಪಾಠ ಹೊಂದಿಸಬೇಡಿ. ಲಿಬ್ನಾ, ರಿಸ್ಸಾದಂಥ ಕಡೆ ಏನು ನಡೆಯಿತೆಂದು ವಾಕ್ಯವೇ ಹೇಳುವುದಿಲ್ಲ. ಅಲ್ಲಿ ಹೇಳುವುದೆಲ್ಲ ನಮ್ಮ ಊಹೆಯಾಗುತ್ತದೆ.

ಆ 11 ದಿನದ ಮಾತೂ ಜಾಗ್ರತೆ. ಧರ್ಮೋಪದೇಶಕಾಂಡ 1:2 ಹೇಳುವುದು ಹೋರೇಬಿನಿಂದ, ಅಂದರೆ ದೇವರು ಆಜ್ಞೆಗಳನ್ನು ಕೊಟ್ಟ ಸೀನಾಯಿಯಿಂದ, ಕಾನಾನ್ ದೇಶದ ಅಂಚಿನ ಕಾದೇಶ್ ಬರ್ನೇಯಕ್ಕೆ ಇರುವ ದೂರ. ಅಲ್ಲಿಗೆ ಅವರು ಎರಡನೆಯ ವರ್ಷದಲ್ಲೇ ಬಂದರು. ದಾರಿ ತಪ್ಪಿರಲಿಲ್ಲ, ದೇವರು ಕೊಡುತ್ತೇನೆಂದ ದೇಶದ ಬಾಗಿಲಲ್ಲೇ ನಿಂತು ಒಳಗೆ ಹೋಗಲು ಒಪ್ಪಲಿಲ್ಲ. ಆ ದೇಶ ನೋಡಿ ಬರಲು ಕಳುಹಿಸಿದ ಗೂಢಚಾರರು ಸುತ್ತಿದ 40 ದಿನಕ್ಕೆ ದಿನಕ್ಕೊಂದು ವರ್ಷದಂತೆ ಶಿಕ್ಷೆ ಬಂತು (ಅರಣ್ಯಕಾಂಡ 14:34). ಇಬ್ರಿಯ 3:19 ಕಾರಣವನ್ನು ಅಪನಂಬಿಕೆ ಎಂದೇ ಹೇಳುತ್ತದೆ.

ನನ್ನ ಸಲಹೆ, ಸೀನಾಯಿಯನ್ನು ನಡುವೆ ಇಟ್ಟು ಎರಡು ಕಡೆಯ ಅಧ್ಯಾಯಗಳನ್ನು ಜೋಡಿಯಾಗಿ ಓದಿಸಿ. ವಿಮೋಚನಕಾಂಡ 15ರಿಂದ 17ರಲ್ಲಿ ಜನ ಮಾರಾದಲ್ಲಿ ನೀರಿಗೆ, ಆಮೇಲೆ ಊಟಕ್ಕೆ, ರೆಫೀದೀಮಿನಲ್ಲಿ ಮತ್ತೆ ನೀರಿಗೆ ಗೊಣಗುತ್ತಾರೆ. ಒಮ್ಮೆಯೂ ದಂಡನೆ ಇಲ್ಲ, ಕೇಳಿದ್ದು ಸಿಗುತ್ತದೆ. ಅರಣ್ಯಕಾಂಡ 11ರಲ್ಲಿ ಮಾತ್ರ ಪಾಳೆಯದ ಅಂಚಿಗೆ ಬೆಂಕಿ ಬೀಳುತ್ತದೆ, ಮಾಂಸ ಹಲ್ಲಿನಲ್ಲಿರುವಾಗಲೇ ವ್ಯಾಧಿ ಬರುತ್ತದೆ. ಈ ನಡುವೆ ಸೀನಾಯಿಯಲ್ಲಿ ಸುಮಾರು 11 ತಿಂಗಳು ಕಳೆದಿವೆ, "ಯೆಹೋವನು ಹೇಳಿದ್ದನ್ನೆಲ್ಲ ಮಾಡುವೆವು" ಎಂದು ಅವರು ಮಾತು ಕೊಟ್ಟಿದ್ದಾರೆ. ಮೊದಲು ಹೊಟ್ಟೆಗಿರಲಿಲ್ಲ. ಈಗ ಕೈಯಲ್ಲಿ ಮನ್ನ (ದೇವರು ಆಕಾಶದಿಂದ ಕೊಟ್ಟ ಆಹಾರ) ಇದ್ದರೂ ಅದು ಬೇಡವಾಗಿದೆ. ಗುಂಪು ಈ ವ್ಯತ್ಯಾಸವನ್ನು ತಾನೇ ಕಂಡುಕೊಳ್ಳಲಿ, ನೀವು ಮೊದಲೇ ಹೇಳಬೇಡಿ.

ಉತ್ತರ 2:
ಮನ್ನಕ್ಕೆ (ವಿಮೋಚನಕಾಂಡ 16) ಒಂದು ವಾರ ಪೂರ್ತಿ ಇಡಿ. ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರ್. ಮರುದಿನಕ್ಕೆ ಉಳಿಸಿದವರದು ಹುಳ ಬಿದ್ದು ನಾರಿತು. ಇದನ್ನು ಓದಿ "ನಾಳೆಗೆ ಏನೂ ಕೂಡಿಡಬಾರದು" ಎಂದು ಬೋಧಿಸುವವರಿದ್ದಾರೆ. ಆದರೆ ಆರನೆಯ ದಿನ ಎರಡು ಓಮೆರ್ ತರಲು ಅಪ್ಪಣೆಯಿತ್ತು, ಆ ರಾತ್ರಿ ಇಟ್ಟದ್ದು ಕೆಡಲಿಲ್ಲ. ಸಂತತಿಯವರಿಗೆ ತೋರಿಸಲೆಂದು ಒಂದು ಓಮೆರ್ ಪಾತ್ರೆಯಲ್ಲಿ ಇಡಿಸಿದ್ದೂ ಅದೇ ಅಧ್ಯಾಯದಲ್ಲಿದೆ. ಹಾಗಾಗಿ ಕೂಡಿಡುವುದು ಇಲ್ಲಿ ವಿಷಯವೇ ಅಲ್ಲ, ಆ ದಿನದ ಮಾತಿಗೆ ಕಿವಿಗೊಟ್ಟರೋ ಇಲ್ಲವೋ ಎಂಬುದು.

ಉತ್ತರ 3:
ಬಂಡೆಯಿಂದ ನೀರು ಬಂದ ಎರಡು ಘಟನೆಗಳನ್ನೂ ಸೇರಿಸಿ. ವಿಮೋಚನಕಾಂಡ 17ರಲ್ಲಿ ಹೊಡೆಯಲು ಹೇಳಿದ್ದು, ಅರಣ್ಯಕಾಂಡ 20ರಲ್ಲಿ ಮಾತಾಡಲು. ಮೋಶೆ ಎರಡು ಸಾರಿ ಹೊಡೆದ, ನೀರೂ ಧಾರಾಳವಾಗಿ ಬಂತು. ಆದರೂ ಜನರನ್ನು ಆ ದೇಶಕ್ಕೆ ಸೇರಿಸುವ ಭಾಗ್ಯ ಅವನಿಗೆ ತಪ್ಪಿತು. ಸೇವೆಯಲ್ಲಿ ಫಲ ಕಂಡ ಮಾತ್ರಕ್ಕೆ ದೇವರು ಮೆಚ್ಚಿದ್ದಾನೆ ಎನ್ನುವವರು ಇಲ್ಲಿ ನಿಧಾನಿಸಬೇಕು. ಇದನ್ನು ಬರೀ ಕೋಪದ ಪಾಠ ಮಾಡಬೇಡಿ, 12ನೆಯ ವಚನ ಕೊಡುವ ಕಾರಣ ನಂಬದೆ ಹೋದದ್ದು, ಜನರ ಮುಂದೆ ದೇವರ ಪರಿಶುದ್ಧತೆಯನ್ನು ತೋರಿಸದೆ ಹೋದದ್ದು.

ಕೊನೆಯ ವಾರಕ್ಕೆ 1 ಕೊರಿಂಥ 10:6-11 ತೆಗೆದುಕೊಳ್ಳಿ. ಯಾವ ಘಟನೆಗಳು ನಮಗೆ ಎಚ್ಚರಿಕೆ ಎಂದು ಪೌಲನೇ ಅಲ್ಲಿ ಆರಿಸಿದ್ದಾನೆ. ಬಸವನ ವಿಗ್ರಹಕ್ಕೆ ವಿಮೋಚನಕಾಂಡ 32, ಜಾರತ್ವಕ್ಕೆ ಅರಣ್ಯಕಾಂಡ 25, ಸರ್ಪಗಳಿಗೆ 21, ಗೊಣಗುವಿಕೆಗೆ 14 ಮತ್ತು 16 ಓದಿಸಿ.