ಹಾವಸೆ, ಪಾಚಿ, ಚಾಪೆ: ಕಡಲತಳದ ಪದರಕ್ಕೆ ಯಾವ ಪದ ಸಲ್ಲುತ್ತದೆ?

ಮಾನ್ಯರೇ,

ಮಂಡ್ಯದ ಪ್ರೌಢಶಾಲೆಯ ಮಕ್ಕಳಿಗಾಗಿ ಭೂಮಿಯ ಚರಿತ್ರೆಯನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಬರೆಯುತ್ತಿದ್ದೇನೆ. ಸುಮಾರು 25.2 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಕಾಲ ಮುಗಿದು ಟ್ರಯಾಸಿಕ್ ಕಾಲ ತೊಡಗುವ ಸಂಧಿಯಲ್ಲಿ, ಸೈಬೀರಿಯಾದ ಅಗಾಧ ಜ್ವಾಲಾಮುಖಿಗಳ ದೆಸೆಯಿಂದ ಕಡಲು ಕಾದು, ಅದರ ಆಮ್ಲಜನಕ ಕುಂದಿ, ಕಡಲಿನ ಜೀವಜಾತಿಗಳಲ್ಲಿ ಬಹುಪಾಲು ಅಳಿದುಹೋದವು. ಆ ಅಳಿವಿನ ನಂತರದ ಕಡಲತಳದ ಕಲ್ಲುಗಳಲ್ಲಿ, ಮುಖ್ಯವಾಗಿ ಅಮೆರಿಕದ ಪಶ್ಚಿಮ ಭಾಗದಲ್ಲಿಯೂ ಉತ್ತರ ಇಟಲಿಯಲ್ಲಿಯೂ, ಸಣ್ಣ ಸುಕ್ಕುಗಳಂಥ ಗುರುತುಗಳು ಕಾಣುತ್ತವೆ. ಅವುಗಳಿಗೂ, ಅವುಗಳನ್ನು ಮೂಡಿಸಿದ ಜೀವಪದರಕ್ಕೂ ಕನ್ನಡದಲ್ಲಿ ಏನೆನ್ನಬೇಕು ಎಂಬುದು ನನ್ನ ಪ್ರಶ್ನೆ.

ಮೊದಲು ವಸ್ತುವನ್ನು ಹೇಳುತ್ತೇನೆ. ಬ್ಯಾಕ್ಟೀರಿಯಾಗಳು ಮರಳಿನ ಮೇಲೆ ಒತ್ತಾಗಿ ಬೆಳೆದು, ತಮ್ಮ ಲೋಳೆಯಿಂದ ಕಣಕ್ಕೆ ಕಣವನ್ನು ಅಂಟಿಸಿ, ತೆಳುವಾದರೂ ಬಿಗಿಯಾದ ಪದರವನ್ನು ಕಟ್ಟುತ್ತವೆ. ಬಿಡಿ ಮರಳಿನಲ್ಲಿ ಅಲೆಯ ಗುರುತು ಮೂಡಬಹುದು, ಆದರೆ ಅದು ಬಟ್ಟೆಯಂತೆ ಸುಕ್ಕಾಗಲಾರದು. ಕಾಯಿಸಿ ಆರಿಸಿದ ಹಾಲಿನ ಪಾತ್ರೆಯನ್ನು ಓರೆ ಮಾಡಿದಾಗ ಕೆನೆ ನೆರಿಗೆಗಟ್ಟುವುದನ್ನು ಎಲ್ಲರೂ ಬಲ್ಲರು. ಇದೂ ಹೆಚ್ಚುಕಡಿಮೆ ಹಾಗೆಯೇ. ನೆರಿಗೆಯಿಂದ ನೆರಿಗೆಗೆ ಇರುವ ಅಂತರ ಸಾಮಾನ್ಯವಾಗಿ ಕೆಲವೇ ಮಿಲಿಮೀಟರು.

ಈ ಪದರದ ಇಂಗ್ಲಿಷ್ ಹೆಸರಾದ ‘ಮೈಕ್ರೋಬಿಯಲ್ ಮ್ಯಾಟ್’ಗೆ ‘ಸೂಕ್ಷ್ಮಜೀವಿ ಚಾಪೆ’ ಎಂಬ ಅನುವಾದ ನನಗೆ ಒಪ್ಪಿಗೆಯಾಗಿಲ್ಲ. ಚಾಪೆಯೆಂದರೆ ಹೆಣೆದು, ಹಾಸಿ, ಬೆಳಗಾದ ಮೇಲೆ ಸುತ್ತಿ ಮೂಲೆಯಲ್ಲಿ ನಿಲ್ಲಿಸುವ ವಸ್ತು. ಈ ಪದರವಾದರೋ ನೆಲದೊಡನೆ ಬೆರೆತು ಬೆಳೆಯುತ್ತದೆ, ನೆಲವೇ ಅದರ ಮೈಯಾಗಿರುತ್ತದೆ. ‘ಹಾಸು’ ಎಂಬುದು ಇದಕ್ಕಿಂತ ಮೇಲು. ಇಂಥ ಜೀವಪದರಗಳು ಕಟ್ಟಿದ, ಪದರಪದರವಾದ ಸ್ಟ್ರೊಮಾಟೊಲೈಟ್ ಕಲ್ಲುಗಳಿಗೆ ಜರ್ಮನ್ ಭೂವಿಜ್ಞಾನಿ ಕಾಲ್ಕೋವ್‌ಸ್ಕಿ 1908ರಲ್ಲಿ ಆ ಹೆಸರನ್ನು ಕೊಟ್ಟಾಗ ಆಯ್ದುಕೊಂಡ ಗ್ರೀಕ್ ಪದಕ್ಕೂ ಹಾಸು, ಹಾಸಿಗೆ ಎಂದೇ ಅರ್ಥ. ಮಗ್ಗದವರ ಮಾತಿನಲ್ಲಿ ಹಾಸು ಎಂದರೆ ಉದ್ದದ ಎಳೆ, ಹೊಕ್ಕು ಎಂದರೆ ಅಡ್ಡದ ಎಳೆ. ನೂಲಿನಂಥ ಬ್ಯಾಕ್ಟೀರಿಯಾಗಳು ಮರಳುಕಣಗಳ ನಡುವೆ ಹೆಣೆದುಕೊಳ್ಳುವುದನ್ನು ನೆನೆದರೆ ಈ ಅರ್ಥವೂ ಸಲ್ಲುತ್ತದೆ. ಆದರೆ ಕಲ್ಲಿನ ಮಾತು ಬಂದೊಡನೆ ‘ಹಾಸುಗಲ್ಲು’ ಎಂದರೆ ನಮ್ಮ ಮಕ್ಕಳಿಗೆ ಅಂಗಳಕ್ಕೆ ಹಾಸಿದ ಚಪ್ಪಡಿಯೇ ಕಣ್ಣಿಗೆ ಬರುವುದು.

‘ಪಾಚಿ’ ಎಲ್ಲರೂ ಬಲ್ಲ ಪದ. ಅಡ್ಡಿಯೆಂದರೆ, ಪಠ್ಯಪುಸ್ತಕಗಳಲ್ಲಿ ಅದು ಶೈವಲ (ಆಲ್ಗೆ) ವರ್ಗದ ಹೆಸರಾಗಿ ನಿಂತುಬಿಟ್ಟಿದೆ. ‘ನೀಲಿ-ಹಸಿರು ಪಾಚಿ’ ಎಂದು ಹಿಂದೆ ಓದಿದ ಜೀವಿಗಳನ್ನು ಈಗ ಬ್ಯಾಕ್ಟೀರಿಯಾಗಳೆಂದು ಎಣಿಸುತ್ತಾರೆ. ಜೊತೆಗೆ, ಬೆಳಕನ್ನೇ ಬೇಡದೆ ಗಂಧಕದ ಸಂಯುಕ್ತಗಳಿಂದ ಬದುಕುವ, ಹಸಿರಿನ ಸೋಂಕೇ ಇಲ್ಲದ ಪದರಗಳೂ ಉಂಟು.

ಹೀಗಾಗಿ ನನ್ನ ಒಲವು ‘ಹಾವಸೆ’ಯ ಕಡೆಗಿದೆ. ನಮ್ಮ ಅಜ್ಜಿ ಬಾವಿಯ ಮೆಟ್ಟಿಲನ್ನು ತೋರಿಸಿ ‘ಹಾವಸೆ ಕಟ್ಟದೆ, ಕಾಲು ಜಾರ್ತದೆ’ ಎನ್ನುತ್ತಿದ್ದರು. ಹಳಗನ್ನಡದ ‘ಪಾವಸೆ’ಯೇ, ಪಾಲು ಹಾಲಾದಂತೆ, ಹಾವಸೆಯಾಗಿದೆ, ಜಾರುವ ಕಲ್ಲಿಗೆ ವಚನಗಳಲ್ಲಿ ‘ಹಾವಸೆಗಲ್ಲು’ ಎಂಬ ಪದವೇ ಇದೆ. ಈ ಪದ ಯಾವ ಜೀವಿ ಎಂಬುದನ್ನು ಹೇಳುವುದಕ್ಕಿಂತ, ಒದ್ದೆ ನೆಲಕ್ಕೋ ಕಲ್ಲಿಗೋ ಅಂಟಿಕೊಂಡ ಲೋಳೆಯ ಹೊದಿಕೆ ಎಂಬುದನ್ನು ಮುಂದಿಡುತ್ತದೆ, ಅದೇ ಅದರ ಗುಣವೆಂದು ನನಗೆ ತೋರುತ್ತದೆ. ಸಸ್ಯಶಾಸ್ತ್ರದಲ್ಲಿ ಮಾಸ್ ಬಗೆಯ ಗಿಡಗಳಿಗೂ ಹಾವಸೆ ಎನ್ನುವುದುಂಟು ಎಂಬ ಆಕ್ಷೇಪವನ್ನು ನಾನು ಬಲ್ಲೆ. ‘ಹಾವಸೆ ಪದರ’ ಎಂದು ಬಿಡಿಸಿ ಬರೆದರೆ ಆ ಗೊಂದಲ ಬಹುಮಟ್ಟಿಗೆ ತಪ್ಪೀತು.

ಇನ್ನು ಕಲ್ಲಿನ ಮೇಲಿನ ಗುರುತು. ಇದನ್ನು ‘ಪಳೆಯುಳಿಕೆ’ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಉಳಿದಿರುವುದು ಹಾವಸೆಯಲ್ಲ, ಅದು ಇದ್ದಾಗ ಮರಳು ತಳೆದ ರೂಪ. ‘ಹಾವಸೆ ಸುಕ್ಕು’ ಎಂದು ಬರೆದಿದ್ದೇನೆ. ಪರ್ಮಿಯನ್ನಿಗಿಂತ ಬಹಳ ಹಿಂದಿನ ಎಡಿಯಾಕರನ್ ಕಾಲದ ಇಂಥದೇ ಕಲ್ಲುಗಳಿಗೆ ವಿಜ್ಞಾನಿಗಳು ಆನೆಯ ಚರ್ಮದ ಹೆಸರನ್ನಿಟ್ಟಿದ್ದಾರೆ. ದಸರೆಯ ಆನೆಗಳನ್ನು ಹತ್ತಿರದಿಂದ ಕಂಡ ಮೈಸೂರು ಸೀಮೆಯ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಳಿವಿನ ನಂತರವೇ ಇವು ಏಕೆ ಹೆಚ್ಚಿದವು ಎಂಬಲ್ಲಿಯೂ ಪದದ ತೊಡಕಿದೆ. ಸುಮಾರು 54 ಕೋಟಿ ವರ್ಷಗಳ ಹಿಂದೆ, ಕೇಂಬ್ರಿಯನ್ ಕಾಲದ ಆರಂಭದಿಂದ, ಹುಳುಗಳೂ ಇತರ ಪ್ರಾಣಿಗಳೂ ಕಡಲತಳವನ್ನು ಬಗೆದು ಮಗುಚತೊಡಗಿದ್ದನ್ನು ಜರ್ಮನ್ ಪ್ರಾಗ್ಜೀವಿವಿಜ್ಞಾನಿ ಜೈಲಾಕರ್ ಅವರು ಬೇಸಾಯದ ಕ್ರಾಂತಿ ಎಂಬರ್ಥದ ಹೆಸರಿನಿಂದ ಕರೆದರು. ಹಾಗೆ ಮಗುಚಿದ ತಳದಲ್ಲಿ ಹಾವಸೆ ಇಡಿಯಾಗಿ ಉಳಿಯುವುದು ಅಪರೂಪ. ಪರ್ಮಿಯನ್ನಿನ ಅಳಿವಿನಲ್ಲಿ ಬಗೆಯುವವೂ ಮೇಯುವವೂ ಕಡಮೆಯಾದಾಗ ಅದು ಮತ್ತೆ ಹಬ್ಬಿತು. ಹಾವಸೆ ಹಿಡಿದ ತಳ, ಕಲಸಿದ ತಳ ಎಂದು ಜೈಲಾಕರ್ ಮಾಡಿದ ವಿಂಗಡಣೆಯನ್ನು ನಾನು ‘ಬೀಳುನೆಲ’, ‘ಉತ್ತನೆಲ’ ಎಂದು ಕನ್ನಡಿಸಿದ್ದೇನೆ. ಗದ್ದೆಯನ್ನು ಬಲ್ಲ ಮಕ್ಕಳಿಗೆ ಇದು ಕೂಡಲೇ ತಿಳಿಯುತ್ತದೆ. ಆದರೆ ಬೀಳು ಎಂದರೆ ಬೆಳೆಯಿಲ್ಲದ ನೆಲ ಎಂಬ ಅರ್ಥ ಮುಂದಾಗಿ, ಹಾವಸೆಯ ಬೆಳೆ ಮರೆಯಾದೀತೇ ಎಂಬ ಅಳುಕೂ ಇದೆ.

ನಮ್ಮ ಕಡೆಯ ಗ್ರಾನೈಟು, ನೈಸ್ ಬಂಡೆಗಳಲ್ಲಿ ಇಂಥ ಗುರುತು ಸಿಗುವುದಿಲ್ಲ. ಆದರೆ ತುಮಕೂರು ಜಿಲ್ಲೆಯ ದೊಡ್ಡಗುಣಿಯಲ್ಲಿ 250 ಕೋಟಿ ವರ್ಷಗಳಿಗೂ ಹಳೆಯ ಸ್ಟ್ರೊಮಾಟೊಲೈಟುಗಳಿರುವುದರಿಂದ, ನಾವು ಆಯುವ ಪದ ಅವುಗಳನ್ನು ಕಟ್ಟಿದ ಪದರಕ್ಕೂ ಒಪ್ಪುವಂತಿರಬೇಕು.

ಕೊನೆಯದಾಗಿ ಇನ್ನೊಂದು. ನಾಲೆಯ ನೀರು ನಿಂತು ಗದ್ದೆ ಒಣಗಿದಾಗ ಮೇಲಿನ ಹಸಿರು ಪದರ ಬಿರಿದು, ಅಂಚು ಸುರುಳಿಗೊಂಡು ಮೇಲೇಳುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ‘ಹಕ್ಕಳೆ ಎದ್ದಿದೆ’ ಎನ್ನುತ್ತೇವೆ. ಹೀಗೆ ಕಿತ್ತುಬಂದ ಚೂರುಗಳೂ ಕಲ್ಲಿನಲ್ಲಿ ಉಳಿದಿರುತ್ತವೆಯಾದ್ದರಿಂದ ಅವಕ್ಕೂ ಹೆಸರು ಬೇಕು. ಮದ್ದೂರು, ಪಾಂಡವಪುರ, ತಿರುಮಕೂಡಲು ನರಸೀಪುರದ ಕಡೆಯ ಬೇಸಾಯಗಾರರು ಇದೇ ಪದವನ್ನು ಬಳಸುತ್ತಾರೆಯೇ, ಬೇರೆಯದಿದೆಯೇ, ‘ಹಾವಸೆ’ ಅಲ್ಲಿನ ಮಾತಿನಲ್ಲಿ ಇಂದಿಗೂ ಉಳಿದಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.